ಕಾಕುನ ಒಡಪು

ಮೊನ್ನೆ ಗುರೆಳ್ಳು ಹುರಿಯಾಕತ್ತಿದ್ದೆ. ಚಟಪಟ ಅಂದು ವಾಸನಿ ಎದ್ದದ್ದ ತಡ, ಅಥಣಿ ರಸ್ತೆದಾಗಿನ ನಮ್ಮ ಹಳೇ ಮನಿ ಬಾಜೂದ ಕಾಕು ಕಣ್ಮುಂದ ಬಂದ್ಲು...

ಗುರೆಳ್ಳು ಹುರಕೋತನ ಒಡಪು ಕಟ್ಟಾಕಿ ಅಕಿ. ನಮ್ಮ ಕಡೆ ಗಂಡನ ಹೆಸರ ಹಂಗ ಬಾಯಿಬಿಟ್ಟು ಹೇಳೂದಿಲ್ಲ. ಬಸುರಿಗೆ ಮಾಡೂ ಕುಬಸದಾಗ, ಮದುವ್ಯಾಗ ಎರಡು ಸಾಲು ಪ್ರಾಸ ಹಚ್ಚಿ, ಕಡೀಕ ಹೆಸರು ಹೇಳೂದ ಒಡಪು. ಕಾಕು ಮಾತ್ರ ದಿನಾ ಹೊಸಾದೊಂದು ಕಟ್ಟಾಕಿ. ನಾ ನಗ್ತಿದ್ದೆ. ಒಮ್ಮೆ ಅಕಿನ ಹೇಳಿದ್ಲು, "ತವರಮನಿ ಬಿಜ್ಜರಗ್ಯಾಗ ನಮ್ಮವ್ವ ಕಡೀಕ ನನ್ನ ಗುರ್ತಾ ಹಿಡೀಲಿಲ್ಲ ಬೇ. ನನಗೂ ಹಂಗ ಆದ್ರ?" ಬಿಪಿ ಗುಳಿಗಿ ತಪ್ಪಿಸಬ್ಯಾಡ್ರಿ, ಅಡ್ಡಾಡ್ರಿ, ನಾಕು ಮಂದಿ ಜೋಡಿ ಮಾತಾಡ್ರಿ, ತಲಿಗೆ ಹೊಸಾ ಕೆಲಸ ಕೊಡ್ರಿ ಅಂದಿದ್ರಂತ ಡಾಕ್ಟರು. ಮರವು ಬರೂದ ಇಲ್ಲಂತ ಹೇಳಾಕಾಗೂದಿಲ್ಲ, ಅಪಾಯ ಕಡಿಮಿ ಆಗಬಹುದು ಅಂತನೂ ಅಂದಿದ್ರು. ಕಾಕು ಎಲ್ಲಾನೂ ಮಾಡಿದ್ಲು; ದಿನಾ ಹೊಸಾ ಒಡಪು ಕಟ್ಟೂದೂ ಅದಕ್ಕ.

ತಿಕೋಟಾದಾಗ ಅಕಿ ತಂಗಿ ಮಗಳ ಕುಬಸ ಇತ್ತು. ನಾನೂ ಹೋಗಿದ್ದೆ. ಒಡಪು ಹೇಳಂತ ಹೆಂಗಸರು ಬೆನ್ನುಬಿದ್ರು. ಕಾಕು ಸೆರಗು ಸರಿ ಮಾಡಿಕೊಂಡು ಸುರು ಮಾಡಿದ್ಲು:

"ತ್ವಾಟದಾಗ ಹಣ್ಣಾತು ದ್ರಾಕ್ಷಿ,
ನಮ್ಮ ಸಂಸಾರಕ್ಕ ಸೂರ್ಯ-ಚಂದ್ರ ಸಾಕ್ಷಿ..."

ಮುಂದ ಬರೇ ಹೆಸರು ಉಳಿದಿತ್ತು. ಅಲ್ಲೇ ನಿಂತುಬಿಟ್ಲು.

"ಅಯ್ಯ ಶಿವನ, ಮೊಮ್ಮಕ್ಕಳಾದ್ರೂ ನಾಚಿಕಿ ಹೋಗಿಲ್ಲ ನೋಡ್ರಿ!" ಅಂತ ಯಾರೋ ಅಂದ್ರು. ಎಲ್ಲಾರೂ ಗೊಳ್ಳಂತ ನಕ್ರು.

ಕಾಕು ನಗಲಿಲ್ಲ. ಹಣಿ ಮ್ಯಾಲೆ ಬೆವರು. ಬಾಜೂಕ ಕುಂತಿದ್ದ ನನ್ನ ಕೈ ಹಿಡದ್ಲು, ಬಳಿ ಒತ್ತಿ ನೋಯಾಕತ್ತಿತು. ಬಾಗಲ ಹೊರಗ ಅಕಿ ಗಂಡ, ಕಾಕಾ, ಕಿವಿಗೊಟ್ಟು ಕುಂತಿದ್ರು. ಅಕಿ ಹೆಸರು ಮರತದ್ದು ಅವರಿಗೆ ತಿಳದ್ರ ಹೆಂಗಂತ ಹೆದರಿದೆ. ಅಕಿ ಮುಡದ ಹೂವಿನ ದಂಡಿ ಸರಿ ಮಾಡೂ ನೆವಾ ಮಾಡಿ ಬಗ್ಗಿ, ಕಿವ್ಯಾಗ ಹೆಸರು ಹೇಳಿದೆ. ಅಕಿ ಅದನ್ನ ಅಂದ್ಲು. ಚಪ್ಪಾಳಿ ಬಿತ್ತು, ಹೊರಗ ಕಾಕಾ ಮುಸಿಮುಸಿ ನಕ್ರು.

ಬರೂವಾಗ ಬಸ್ಸಿನ್ಯಾಗ ಕಾಕು ಪಿಸುಮಾತಿನ್ಯಾಗ ಅಂದ್ಲು, "ಅವರಿಗೆ ಹೇಳಬ್ಯಾಡ. ನನಗ ದಿನಾ ಆ ಹೆಸರು ಕೇಳು, ಬಿಡಬ್ಯಾಡ."

ಕೇಳಿದೆ. ಕಾಕಾ ಇಲ್ಲದಾಗ ಗ್ವಾಡಿ ಈಚಿಂದ ದಿನಾ ಕೇಳಿದೆ. ಮೊದಮೊದಲ ಪಟ್ಟನ ಬರ್ತಿತ್ತು, ಆಮ್ಯಾಲೆ ತಡಾ ಮಾಡಿ, ಆಮ್ಯಾಲೆ... ಒಂದಿನ ಗುಳಿಗಿ ಕುಡಿಸಾಕತ್ತಿದ್ದ ಕಾಕಾನ್ನ ತೋರಿಸಿ, "ಇವರ್ಯಾರವಾ? ಭಾಳ ಛಲೋ ನೋಡ್ಕೋತಾರ" ಅಂದ್ಲು. ಕಾಕಾ ನೀರಿನ ವಾಟಗಾ ಅಕಿ ತುಟಿಗೆ ಹಿಡದ್ರು.

ಈಗ ಇಬ್ರೂ ಇಲ್ಲ. ಮೊನ್ನೆ ಗುರೆಳ್ಳು ಇಳಿಸಿ, ಒಬ್ಬಾಕಿನ ನಿಂತು ಆ ಒಡಪು ಪೂರಾ ಹೇಳಿದೆ. ಕಾಕಾನ ಹೆಸರು ತಟ್ಟನ ಬಂತು. ಸಂಕಟ ತಡೀಲಿಲ್ಲ, ಅತ್ತುಬಿಟ್ಟೆ.