ನಿಂತು ಮಾತಾಡುವ ಮಾವ

ನನ್ನ ಸೋದರಮಾವ ಗುರುಶಾಂತಪ್ಪ ದಾರಿಯಲ್ಲಿ ಯಾರು ಮಾತಾಡಿಸಿದರೂ ಗಕ್ಕನೆ ನಿಂತುಬಿಡುತ್ತಿದ್ದರು. ಅವರು ನಮ್ಮೂರಿಗೆ ಬಂದಾಗ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರು ಇದನ್ನೇ ಹೊಗಳುತ್ತಿದ್ದರು: "ಯಜಮಾನ್ರದ್ದು ಹಳೇ ಕಾಲದ ಮರ್ಯಾದೆ. ನಿಂತು, ಕಷ್ಟಸುಖ ಕೇಳಿಯೇ ಮುಂದೆ ಹೋಗ್ತಾರೆ." ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ಕೋಟೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ವಯಸ್ಸಾದವರ ನಡಿಗೆ ಪರೀಕ್ಷಿಸುವುದೇ ನನ್ನ ಕೆಲಸ. ಮಾತಿಗೆ ತೊಡಗಿದರೆ ಕಾಲು ನಿಲ್ಲುತ್ತದೆ ಎಂದರೆ ಅದು ಮರ್ಯಾದೆಯಲ್ಲ. ನಡಿಗೆ, ಮಾತು ಎರಡನ್ನೂ ಒಟ್ಟಿಗೆ ನಿಭಾಯಿಸಲು ಆಗುತ್ತಿಲ್ಲ, ಇವತ್ತಲ್ಲ ನಾಳೆ ಬೀಳಬಹುದು ಎಂದರ್ಥ.

ಮಾವನಿಗೆ ಹೇಳಲು ಹೋದರೆ, "ನಾನೆಲ್ಲಿ ಬಿದ್ದಿದೀನಿ ಮಾರಾಯ್ತಿ?" ಎನ್ನುವರು. ಹಾಗಾದರೆ ಹಿತ್ತಲಲ್ಲಿ ಜಾರಿದ್ದು? "ಅದು ಬಿದ್ದಿದ್ದಲ್ಲ, ಕೂತಿದ್ದು." ಮೆಟ್ಟಿಲ ಮೇಲೆ? "ಅಲ್ಲಿ ಒರಗ್ಕೊಂಡೆ ಅಷ್ಟೆ." ಬೀಳುವುದೆಂದರೆ ಅವರ ಪ್ರಕಾರ ಕುಡುಕರು ಮಾಡುವ ಕೆಲಸ. ಮನೆಮಂದಿಯೆಲ್ಲ ಕಿಸಕ್ಕನೆ ನಗುವರು. ಆ ನಗು ಕಂಡರೆ ನನಗೆ ಇನ್ನಷ್ಟು ಹೇಸಿಗೆ.

ಕೊನೆಗೆ ಭದ್ರಾವತಿಯ ಅವರ ಮನೆಯಲ್ಲೇ ಪರೀಕ್ಷೆ ಮಾಡಿದೆ. ಕುರ್ಚಿಯಿಂದ ಎದ್ದು, ಬಾಗಿಲವರೆಗೆ ನಡೆದು, ತಿರುಗಿ ಬಂದು ಕೂರಬೇಕು, ಇಷ್ಟೇ. ಮಾವ ಮೊದಲ ಸಲ ಏಳಲಾಗದೆ ಮತ್ತೆ ಕುಕ್ಕರಿಸಿ, ಪಂಚೆ ಸರಿಮಾಡಿಕೊಳ್ಳುವವರಂತೆ ನಟಿಸಿದರು. ತಿರುಗುವಾಗ ವಾಲಿ, ಗೋಡೆ ಹಿಡಿದುಕೊಂಡು ಕ್ಯಾಲೆಂಡರ್ ಓದತೊಡಗಿದರು.

"ಏನು ನೋಡ್ತಿದೀರಿ ಮಾವ?"

"ಅಮಾಸೆ ಯಾವತ್ತು ಅಂತ."

ಅದು ಹೋದ ವರ್ಷದ ಕ್ಯಾಲೆಂಡರ್. ಇವರನ್ನು ಹೀಗೇ ಬಿಟ್ಟರೆ ಅಪಾಯ ಎಂದು ಅವರ ಮಗನಿಗೆ ಬಿಡಿಸಿ ಹೇಳಿದೆ. "ಅಪ್ಪಂಗೆ ಯಾರ್ ಹೇಳೋರು?" ಎಂದವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

ಕೋಲು ತಂದುಕೊಟ್ಟೆ, ಅದು ಅಟ್ಟ ಸೇರಿತು. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಸ್ಟೀಲಿನ ಹಿಡಿಕೆ ಮಾಡಿಸಿ ಬಚ್ಚಲಿನ ಗೋಡೆಗೆ ಹಾಕಿಸಿದೆ. ಮುಂದಿನ ಸಲ ಹೋಗಿ ನೋಡಿದರೆ ಅದರ ತುಂಬ ಮಾವನ ಒದ್ದೆ ಚಡ್ಡಿ, ಬನಿಯನ್ನು. ಕೆಳಗೆ ಪಾಚಿ, ಸೋಪಿನ ಲೋಳೆ. "ಒಳ್ಳೇ ಕೆಲಸ ಮಾಡ್ದೆ ಕಣೇ, ಬಟ್ಟೆ ಹಾಕಕ್ಕೆ ಜಾಗಾನೇ ಇರ್ಲಿಲ್ಲ" ಎಂದು ಮಾವ ಬೆನ್ನು ತಟ್ಟಿದರು. ಬಟ್ಟೆಯನ್ನೆಲ್ಲ ಬಕೆಟ್ಟಿಗೆ ಎಸೆದು, ನೆಲ ತಿಕ್ಕಿ ಬಂದೆ.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಏಳುವಾಗ ಮಾವನ ಕಾಲು ಜಾರಿದೆ. ಹಠವೆಲ್ಲ ಬಿಟ್ಟು ಹಿಡಿಕೆಗೇ ಕೈ ಹಾಕಿದ್ದಾರೆ. ಸಿಕ್ಕಿದ್ದು ಒದ್ದೆ ಬನಿಯನ್ನು. ಅತ್ತೆ ಓಡಿ ಬಂದಾಗ ಅದು ಅವರ ಮುಷ್ಟಿಯಲ್ಲೇ ಇತ್ತಂತೆ. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ನೋಡಿದ್ದೇ ಕೊನೆ; ಆಮೇಲೆ ಕೆಲವೇ ದಿನಗಳಲ್ಲಿ ಮಲಗಿದಲ್ಲೇ ಎದೆಗೆ ಕಫ ಕಟ್ಟಿ ಹೋಗಿಬಿಟ್ಟರು. ನಾನು ನೋಡಲು ಹೋದ ಆ ದಿನ ಅವರ ಮಂಚದ ಸುತ್ತ ನಿಂತ ನೆಂಟರು, "ಯಾರ ಹಂಗೂ ಇಲ್ದೆ ಬದುಕಿದ ಮನುಷ್ಯ" ಎಂದು ಕೊಂಡಾಡುತ್ತಿದ್ದರು. ಥೂ ಎನ್ನಿಸಿತು. ಎಲ್ಲರನ್ನೂ ಹೊರಗೆ ಕಳಿಸಿದೆ. ನೆಂಟರೆಲ್ಲ ಆಚೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಮಾವ ನನ್ನತ್ತ ಕೈ ಚಾಚಿದರು.

"ಗಟ್ಟಿಯಾಗಿ ಹಿಡ್ಕೊಳ್ಳೇ. ನೀನು ಹೇಳ್ದಂಗೇ ಎದ್ದು ನಡೀತೀನಿ."

ಹಿಡಿದುಕೊಂಡೆ. ಅವರನ್ನು ಏಳಿಸಕೂಡದೆಂದು ಡಾಕ್ಟರು ಆಗಲೇ ಹೇಳಿ ಹೋಗಿದ್ದರು.