ಕೆಂಪು ಫಲಕದ ಆಚೆ

ನಮ್ಮ ಕಣಿವೆಯಲ್ಲಿ ಕಾಡಿನ ದಾರಿ ಮುಚ್ಚಿದಾಗಲೆಲ್ಲ ಜನ ಬೈಯುತ್ತಿದ್ದುದು ಇಡ್ವಾಲ್ ಅವರನ್ನು. ಮರ ಕಡಿಯುವ ಕಡೆಗೆ ಯಾರೂ ಹೋಗದಂತೆ ಗೇಟು ಹಾಕಿ, ಕೆಂಪು ಫಲಕ ತೂಗುಹಾಕಿ, ಕಾಯುವುದು ನಿವೃತ್ತರಾಗುವವರೆಗೂ ಅವರ ಕೆಲಸವಾಗಿತ್ತು. ಒಮ್ಮೆ ಹೆಂಡತಿ ಮರೆತ ಬುತ್ತಿ ಹಿಡಿದು ಬಂದಾಗ ಆಕೆಯನ್ನೂ ಒಳಗೆ ಬಿಡದೆ, ಗೇಟಿನ ಮೇಲಿಂದಲೇ ಡಬ್ಬಿ ಇಸಿದುಕೊಂಡು ಮಳೆಯಲ್ಲಿ ವಾಪಸು ಕಳಿಸಿದ್ದರಂತೆ. ಆಕೆ ಸಾಯುವವರೆಗೂ ಅದನ್ನು ಹೇಳಿಕೊಂಡು ನಗುತ್ತಿದ್ದಳು. ಇಡ್ವಾಲ್ ಮಾತ್ರ ನಗುತ್ತಿರಲಿಲ್ಲ.

ಅವರು ಕೆಲಸಕ್ಕೆ ಸೇರಿದ್ದು ಸಸಿ ನೆಡುವ ಹುಡುಗನಾಗಿ. ಆಗ ಅದು ಕಾಡಲ್ಲ, ಕುರಿ ಮೇಯುವ ಬೋಳುಗುಡ್ಡ. ಅವರ ಅಪ್ಪ ಕುರಿ ಸಾಕುವವರು. ಹುಲ್ಲುಗಾವಲು ನುಂಗುವ ಮರ ನೆಡಲು ಸ್ವಂತ ಮಗನೇ ಹೋದನೆಂದು ಅವರಿಗೆ ಎಂಥ ಮುನಿಸೆಂದರೆ, ಊಟದ ಮೇಜಿನ ಮೇಲೆ ಮಗನ ಕೈಯಳತೆಯಲ್ಲಿರುವ ಉಪ್ಪನ್ನೂ ತಮ್ಮ ಹೆಂಡತಿಯ ಮೂಲಕವೇ ಕೇಳುತ್ತಿದ್ದರಂತೆ. ಆ ಮೊದಲ ಚಳಿಗಾಲದಲ್ಲಿ ಇಡ್ವಾಲ್ ನೆಟ್ಟ ಸ್ಪ್ರೂಸ್ ಮರಗಳು ಈ ವಸಂತದಲ್ಲಿ ಕಡಿತಕ್ಕೆ ಬಂದವು. ಬೇಜಾರಾಯಿತೇ ಎಂದು ಕೇಳಿದ್ದಕ್ಕೆ, ಕಡಿಯಲೆಂದೇ ನೆಟ್ಟದ್ದಲ್ಲವೇ ಎಂದು ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತ ಕೂತರು.

ಸೈಕಲ್ಲಿಗೆ ನನ್ನನ್ನು ಎಳೆದು ತಂದವರೂ ಅವರೇ. ಮಗಳು ಮಬ್ಲಿ ಹುಟ್ಟಿದ ಮೇಲೆ ನಾನು ಮನೆಯೊಳಗೇ ಮಂಕಾಗಿ ಕೂತಿದ್ದೆ. ಒಂದು ದಿನ ಬಾಗಿಲಲ್ಲಿ ಇಡ್ವಾಲ್, ಕೈಯಲ್ಲಿ ಗಾಳಿ ಹೊಡೆಯುವ ಪಂಪು. ಸೈಕಲ್ಲಿನ ಹಿಂದೆ ಕಟ್ಟಿಕೊಳ್ಳುವ ಮಕ್ಕಳ ಗಾಡಿಯನ್ನು ಎಲ್ಲಿಂದಲೋ ತಂದು ತಾವೇ ರಿಪೇರಿ ಮಾಡಿ, ಹಳದಿ ಬಾವುಟ ಸಿಕ್ಕಿಸಿದ್ದರು. ಆಮೇಲೆ ಪ್ರತಿ ಶುಕ್ರವಾರ ನಾವು ಮೂವರು ಕಾಡಿಗೆ: ಅವರು, ನಾನು, ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಎಲುನೆಡ್. ಗಾಡಿಯಲ್ಲಿ ಮಬ್ಲಿ, ಬಿಸ್ಕತ್ತು, ಬದಲಿಸುವ ಬಟ್ಟೆ.

ಆ ಶುಕ್ರವಾರ ಗೇಟು ಮುಚ್ಚಿತ್ತು. ಕೆಂಪು ಫಲಕವೂ ಇತ್ತು. ಎಲುನೆಡ್ ಸೈಕಲ್ಲಿಂದ ಇಳಿದು ಸೊಂಟಕ್ಕೆ ಕೈಯಿಟ್ಟಳು.

"ಏನಯ್ಯಾ, ಇನ್ನೂ ನಿಂತಿದೀಯಲ್ಲ? ಫಲಕಕ್ಕೊಂದು ಸೆಲ್ಯೂಟ್ ಹೊಡಿ, ವಾಪಸ್ ಹೋಗೋಣ."

ಇಡ್ವಾಲ್ ಗುಡ್ಡದ ಕಡೆ ಕಿವಿಯಿಟ್ಟು ನಿಂತಿದ್ದರು. ಯಂತ್ರದ ಸದ್ದಿರಲಿಲ್ಲ.

"ಊಟಕ್ಕೆ ಕೂತಿರ್ತಾರೆ," ಎಂದರು. "ಹಿಂಗ್ ಹೋಗಿ ಹಂಗ್ ನೋಡ್ಕೊಂಡು ಬಂದ್ಬಿಡೋಣ. ನಾನು ನೆಟ್ಟಿದ್ದು ನಾಳೆಗೆ ಇರೋದಿಲ್ಲ."

ಎಲುನೆಡ್ ಫಲಕವನ್ನೂ ಅವರ ಮುಖವನ್ನೂ ನೋಡಿದಳು. ಅವರು ಹೇಗೂ ವಾಪಸು ತಿರುಗುತ್ತಾರೆಂದೇ ಅವಳು ತಮಾಷೆ ಮಾಡಿದ್ದು. ಆದರೆ ಇಡ್ವಾಲ್ ಆಗಲೇ ಗೇಟಿನ ಪಕ್ಕದ ಸಂದಿಯಲ್ಲಿ ಗಾಡಿಯನ್ನು ಎತ್ತಿ ದಾಟಿಸುತ್ತಿದ್ದರು, ಮಬ್ಲಿ ಒಳಗೆ ಕೇಕೆ ಹಾಕುತ್ತಿದ್ದಳು. ಇವರಿಗಿಂತ ತಿಳಿದವರು ಯಾರಿದ್ದಾರೆ ಎಂದುಕೊಂಡು ನಡೆದೆ.

ತಿರುವಿನಾಚೆ ಅರ್ಧ ಗುಡ್ಡ ಬರಿದಾಗಿತ್ತು. ಇಡ್ವಾಲ್ ಒಂದು ಹಸಿ ಬೊಡ್ಡೆಯ ಮೇಲೆ ಅಂಗೈಯಿಟ್ಟು, ಹಾಗೇ ಇಟ್ಟುಕೊಂಡಿದ್ದರು. ಮಬ್ಲಿಗೆ ತೋರಿಸೋಣವೆಂದು ನಾನು ಗಾಡಿಯ ಪಟ್ಟಿ ಬಿಚ್ಚಲು ಬಗ್ಗಿದೆ. ಆಗ ಮೇಲಿನ ದಿಣ್ಣೆಯಲ್ಲಿ ಯಂತ್ರ ಗುಡುಗಿತು. ಇಡೀ ಒಂದು ಮರವನ್ನು ಕಚ್ಚಿ ಹಿಡಿದ ಕಬ್ಬಿಣದ ತೋಳು ದಾರಿಯ ಮೇಲೆ ತಿರುಗಿ ಬಂದು, ಗಕ್ಕನೆ ನಿಂತಿತು. ಎಂಜಿನ್ನೂ ನಿಂತಿತು.

ಇಳಿದು ಬಂದವಳು ಶೊನೆಡ್. ಆ ಯಂತ್ರ ನಡೆಸುವ ಹುಡುಗಿ. ಅವಳಿಗೆ ಈ ಕೆಲಸ ಸಿಗಲೆಂದು ಇಡ್ವಾಲ್ ತಾವೇ ಹೋಗಿ ಮಾತಾಡಿದ್ದರು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು, ಗಾಡಿಯ ಮೇಲಿನ ಹಳದಿ ಬಾವುಟ ಕಂಡಿದ್ದಕ್ಕೆ ನಿಲ್ಲಿಸಿದೆ, ಬಾವುಟವಷ್ಟೇ ಕಂಡಿದ್ದು, ಎಂದಳು. ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿದ್ದ ಮಬ್ಲಿಯನ್ನು ನೋಡಿ ಮುಖ ಆಚೆ ತಿರುಗಿಸಿದಳು.

ಯಾರೇ ಒಳಗೆ ಬಂದರೂ ಕಚೇರಿಗೆ ತಿಳಿಸಲೇಬೇಕು. ಆ ನಿಯಮಕ್ಕಾಗಿ ಹಟ ಹಿಡಿದಿದ್ದವರೇ ಇಡ್ವಾಲ್. ಶೊನೆಡ್ ವಾಕಿಟಾಕಿ ತೆಗೆದು ಇಡ್ವಾಲ್ ಕಡೆ ನೋಡಿದಳು.

"ಯಾರೋ ಗುರುತಿಲ್ದೋರು ಸೈಕಲ್ಲಲ್ಲಿ ಬಂದಿದ್ರು, ಹೋದ್ರು ಅಂತೀನಿ. ನಿಮ್ಮ ಹೆಸರು ಯಾಕೆ ಬಿಡಿ."

ಎಲುನೆಡ್ ಆಗಲಿ ಎಂದು ತಲೆಯಾಡಿಸಿದಳು. ಹೇಳಲು ನಾಚಿಕೆ, ನಾನೂ ಆಡಿಸಿದೆ. ಇಡ್ವಾಲ್ ಕೈ ಚಾಚಿ ವಾಕಿಟಾಕಿ ತೆಗೆದುಕೊಂಡರು, ತಮ್ಮ ಹೆಸರು ಹೇಳಿದರು. ಆ ಕಡೆಯ ದನಿ ನಕ್ಕಿತು.

"ಓಹೋ ಇಡ್ವಾಲ್! ಕೆಲ್ಸ ಬಿಟ್ರೂ ಚಾಳಿ ಬಿಟ್ಟಿಲ್ಲ ನೀವು. ಇವತ್ತು ಯಾರನ್ನ ಹಿಡಿದ್ರಿ?"

ಅವರ ಕತ್ತಿನಿಂದ ಕಿವಿಯವರೆಗೆ ಕೆಂಪೇರಿತು.

"ಒಳಗೆ ಬಂದಿರೋನು ನಾನೇ. ಇವ್ರನ್ನ ಗೇಟ್ ದಾಟ್ಸಿದ್ದೂ ನಾನೇ," ಎಂದರು. ಆಮೇಲೆ, "ಜೊತೇಲಿ ಒಂದು ಮಗು ಇದೆ."

ಆ ಕಡೆಯ ದನಿ ಈಗ ನಗದೆ ಸರಿ ಎಂದಿತು. ಬೈಯಲೂ ಇಲ್ಲ.

ಇಳಿಜಾರಿನುದ್ದಕ್ಕೂ ಇಡ್ವಾಲ್ ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ನಡೆದರು. ನಾವೂ ಇಳಿದು ನಡೆದೆವು. ಮನೆಗೆ ಬಂದು ಮಬ್ಲಿಗೆ ಸ್ನಾನ ಮಾಡಿಸುವಾಗ ಅವಳ ಬೆರಳುಗಳನ್ನು ಒಂದೊಂದಾಗಿ ಒರೆಸಿದೆ. ಗಂಡನಿಗೆ ಹೇಳುವಾಗ ಸಾಬೂನಿನ ಕಡೆಯೇ ನೋಡುತ್ತಿದ್ದೆ.

ಮುಂದಿನ ಶುಕ್ರವಾರ ಇಡ್ವಾಲ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಣದ್ರಾಕ್ಷಿಯ ರೊಟ್ಟಿ ಬೇಯಿಸಿಕೊಂಡು, ಮಬ್ಲಿಯನ್ನು ನಡೆಸಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆರೆದರು. ನನ್ನ ಮುಖ ನೋಡಿದರು, ಕೆಳಗೆ ನಿಂತ ಮಬ್ಲಿಯ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೊಸಿಲಲ್ಲೇ ಹೇಳಿಬಿಟ್ಟೆ.

"ನಾನೂ ದಾಟಿದ್ನಲ್ಲ ಇಡ್ವಾಲ್. ಅವಳ ತಾಯಿ ನಾನು. ನಿಮ್ಮದೊಬ್ಬರದೇ ತಪ್ಪಲ್ಲ."

"ನೀನು ಫಲಕ ನೋಡಿ ದಾಟ್ಲಿಲ್ಲ ಕಣಮ್ಮಾ," ಎಂದರು. "ನನ್ನ ಮುಖ ನೋಡಿ ದಾಟ್ದೆ."

ಒಳಗೆ ಹೋಗಿ ಚಾಕು ಹುಡುಕಿ ರೊಟ್ಟಿ ಕೊಯ್ದೆ. ಅವರು ಚಹಾಕ್ಕೆ ನೀರಿಟ್ಟು, ಒಲೆಯ ಮುಂದೆ ನಮಗೆ ಬೆನ್ನು ಹಾಕಿ ನಿಂತರು. ಮಬ್ಲಿ ತಟತಟ ಹೆಜ್ಜೆಯಿಟ್ಟು ಹೋಗಿ ಅವರ ಮೊಣಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಅವರು ಎತ್ತಿಕೊಳ್ಳಲಿಲ್ಲ. ಸರಿದೂ ನಿಲ್ಲಲಿಲ್ಲ.