ಪೈಲ್ವಾನ್ ಚಿಕ್ಕಪ್ಪನಿಗೆ ಹೂ ಕೇಳಿದ ಬೇಸಿಗೆ

ಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆಗೆ ರೇಷನ್ನು, ಸಕ್ಕರೆಗೆ ರೇಷನ್ನು, ಹೊಸಕೋಟೆಯಿಂದ ಬೆಂಗಳೂರಿಗೆ ಹೋಗುವ ಬಸ್ಸಿನ ಬೆನ್ನಿಗೆ ಪೆಟ್ರೋಲ್ ಸಿಗದ್ದಕ್ಕೆ ಒಂದು ಇದ್ದಿಲ ಒಲೆ. ಅಂಥ ದಿನಗಳಲ್ಲೂ ನಮ್ಮೂರು ಸಮೇತನಹಳ್ಳಿಯಲ್ಲಿ ಒಬ್ಬ ಮನುಷ್ಯನಿಗೆ ಮಾತ್ರ ಹಾಲು ತುಪ್ಪಕ್ಕೆ ಕೊರತೆ ಇರಲಿಲ್ಲ. ಅವನು ನಮ್ಮಪ್ಪನ ತಮ್ಮ, ನನ್ನ ಚಿಕ್ಕಪ್ಪ, ಪೈಲ್ವಾನ್ ಚನ್ನರಾಯಪ್ಪ. ಕರೆಯುವ ಹಸು ಇದ್ದ ಪ್ರತಿ ಮನೆಯೂ ಸರದಿಯ ಮೇಲೆ ಬೆಳಗ್ಗೆ ಒಂದು ಚೆಂಬು ಹಾಲು ಅವನಿಗೆ ಕಳಿಸಬೇಕು ಎನ್ನುವುದು ಊರಿನ ಪದ್ಧತಿ. ಯಾರು ಹಾಕಿದ ಪದ್ಧತಿಯೋ ಗೊತ್ತಿಲ್ಲ, ತಪ್ಪಿಸಿದವರನ್ನಂತೂ ನಾನು ಕಾಣೆ. ಅವನು ಗೆದ್ದು ಬಂದರೆ ಊರಿನ ಹೆಂಗಸರೆಲ್ಲ ತಾವೇ ಗೆದ್ದ ಹಾಗೆ ಬೀಗುತ್ತಿದ್ದರು.

ನನಗೆ ಆಗ ಎಂಟು ವರ್ಷ. ಹೆಣ್ಣುಮಕ್ಕಳು ಗರಡಿಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ಗರಡಿಯೇ ದಿನಾ ನಮ್ಮ ಮನೆಗೆ ಬರುತ್ತಿತ್ತು. ಎಳ್ಳೆಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ ಚಿಕ್ಕಪ್ಪನ ಮೈಯಿಂದ ಮೊದಲು ನಡುಮನೆಗೆ, ಆಮೇಲೆ ಬಚ್ಚಲಿಗೆ ಹೋಗುತ್ತಿತ್ತು. ಅವನು ಉಣ್ಣಲು ಕೂತರೆ ನಾನು ಪಕ್ಕದಲ್ಲಿ ಕೂತು ಮುದ್ದೆ ಎಣಿಸುತ್ತಿದ್ದೆ. ಐದಕ್ಕೆ ನಿಲ್ಲಿಸಿದರೆ "ಇವತ್ತು ಹುಷಾರಿಲ್ವಾ ಚಿಕ್ಕಪ್ಪ?" ಎಂದು ಕೇಳುತ್ತಿದ್ದೆ. ಅವನಿಗೆ ಮಕ್ಕಳಿರಲಿಲ್ಲ. ಹೆಣ್ಣಿಗೆ ಯಾಕೆ ಸ್ಕೂಲು ಎಂದು ತಾತ ಗೊಣಗಿದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಮೇಷ್ಟರ ಮುಂದೆ ಇಳಿಸಿದವನು ಅವನೇ. ಆ ಹೆಗಲ ಮೇಲಿಂದ ಊರಿನ ಹೆಂಚುಗಳೆಲ್ಲ ಕಾಣುತ್ತಿದ್ದವು. ಇಡೀ ಊರಿನಲ್ಲಿ ನನ್ನಷ್ಟು ಎತ್ತರದವರು ಯಾರೂ ಇಲ್ಲ ಎಂದು ನನಗೆ ಬಹಳ ಜಂಬವಿತ್ತು.

ಆ ವರ್ಷ ಶಿವರಾತ್ರಿಗೆ ಮುಂಚೆ ಬೆಂಗಳೂರಿನಲ್ಲಿ ದೊಡ್ಡ ಕುಸ್ತಿ ಇತ್ತು. ಎದುರಾಳಿ ಮರಾಠಿ ಸೀಮೆಯ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷದವನಂತೆ. ಚಿಕ್ಕಪ್ಪನಿಗೆ ಮೂವತ್ತೆಂಟು. ಯಾವಾಗಲೂ ಅವನ ಗಾಡಿ ಊರ ಮುಂದಿನ ಅರಳಿಕಟ್ಟೆಯಿಂದ ತಮಟೆ ಸದ್ದಿನ ಜೊತೆ ಬರುತ್ತಿತ್ತು. ಆ ಸಲ ಮಧ್ಯಾಹ್ನದ ಉರಿಬಿಸಿಲಲ್ಲಿ ಕೆರೆಯ ಹಿಂದಿನ ಓಣಿಯಿಂದ ಸದ್ದಿಲ್ಲದೆ ಬಂದು ಹಿತ್ತಲಲ್ಲಿ ನಿಂತಿತು. ಚಿಕ್ಕಪ್ಪ ಇಳಿಯುವಾಗ ಪಕ್ಕೆ ಹಿಡಿದುಕೊಂಡಿದ್ದ. ಚಿಕ್ಕಮ್ಮ ಕಾಯಿಸಿಟ್ಟಿದ್ದ ನೀರಿನಲ್ಲಿ ಬಟ್ಟೆ ಅದ್ದಿ ಅವನ ಪಕ್ಕೆಗೆ ಶಾಖ ಕೊಟ್ಟಳು. ಒಂದು ಬೀಡಿ ಸೇದಿ ಮುಗಿಸುವುದರೊಳಗೆ ಆ ಹುಡುಗ ಚಿಕ್ಕಪ್ಪನನ್ನು ಅಂಗಾತ ಕೆಡವಿ ಚಿತ್ ಮಾಡಿಬಿಟ್ಟನಂತೆ ಎನ್ನುವ ಸುದ್ದಿ ಸಂಜೆಯ ಹೊತ್ತಿಗೆ ಊರೆಲ್ಲ ಆಗಿತ್ತು.

ಹಾಲೇನೋ ನಿಲ್ಲಲಿಲ್ಲ. ಆದರೆ ಚೆಂಬಿನ ಜೊತೆ ಮಾತೂ ಬರತೊಡಗಿತು. ಒಬ್ಬಳು ಚಿಕ್ಕಮ್ಮನ ಎದುರಲ್ಲೇ, ಹಸು ಹಾಲು ಕಡಿಮೆ ಮಾಡಿದೆ, ಮಗೂಗೂ ಸಾಲದು, ಆದರೂ ತಂದಿದ್ದೀನಿ ಎಂದು ಹೇಳಿ ಹೋದಳು. ಸ್ಕೂಲಿನಲ್ಲಿ ನನಗೆ ಬೇರೆ ಪಾಡು. ಹುಡುಗರು ನನ್ನನ್ನು ಕಂಡ ಕೂಡಲೇ ಮಣ್ಣಿನಲ್ಲಿ ಅಂಗಾತ ಬಿದ್ದು ಕೈಕಾಲು ಬಡಿಯುತ್ತಿದ್ದರು. ಒಬ್ಬನ ತಲೆಗೆ ಸ್ಲೇಟಿನಲ್ಲಿ ಬಾರಿಸಿ ನಾನೂ ಏಟು ತಿಂದೆ. ಹೆಗಲಿಂದ ಇಳಿಸಿದ ಹಾಗಾಗಿತ್ತು ನನಗೆ. ನಿಜ ಹೇಳಬೇಕೆಂದರೆ, ಚಿಕ್ಕಪ್ಪನ ಪಕ್ಕೆಯ ನೋವಿಗಿಂತ ನನ್ನ ಅವಮಾನವೇ ನನಗೆ ದೊಡ್ಡದಾಗಿ ಕಂಡಿತ್ತು.

ಅಷ್ಟರಲ್ಲಿ ಹೊಸಕೋಟೆಯಿಂದ ಹೇಳಿಕಳಿಸಿದರು. ಮಳೆಗಾಲಕ್ಕೆ ಮುಂಚೆ ಅಲ್ಲಿ ಅದೇ ಹುಡುಗನ ಮೇಲೆ ಇನ್ನೊಂದು ಕುಸ್ತಿಗೆ ಜೋಡಿ ಕಟ್ಟುತ್ತಾರಂತೆ, ಚನ್ನರಾಯಪ್ಪ ಬರುತ್ತಾನೋ ಇಲ್ಲವೋ ತಿಳಿಸಬೇಕಂತೆ. ಊರಿನವರು ಜಗಲಿ ತುಂಬ ಕೂತರು. ಹೋಗಲೇಬೇಕು, ಊರಿನ ಮಾನ ಎಂದರು. ಚಿಕ್ಕಪ್ಪನಿಗೆ ಚಿಕ್ಕಂದಿನಿಂದ ಪಟ್ಟು ಕಲಿಸಿದ್ದ ಉಸ್ತಾದ್ ಅಬ್ಬಾಸ್ ಸಾಬರು ಹೊಸಕೋಟೆಯಿಂದ ನಡೆದುಕೊಂಡೇ ಬಂದಿದ್ದರು. ಅವರು ಎಲ್ಲರ ಮಾತು ಮುಗಿಯುವವರೆಗೆ ಕಾದು, ಬೇರೆ ಯಾರ ಮುಖವನ್ನೂ ನೋಡದೆ ಚಿಕ್ಕಪ್ಪನಿಗೆ ಹೇಳಿದರು.

"ಸಾಕು ಮಗಾ. ನಾನು ನೋಡ್ದೆ, ನಿನ್ ಕಾಲು ಮುಂಚಿನಂಗೆ ನೆಲ ಹಿಡೀತಿಲ್ಲ. ಲಂಗೋಟಿ ಬಿಚ್ಚಿ ಆಂಜನೇಯನ ಮುಂದೆ ಇಡು, ಹುಡುಗ್ರಿಗೆ ಕಲಿಸು."

ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದ. ಉಸ್ತಾದರ ಮಾತು ಮೀರುವ ಹಾಗಿಲ್ಲ, ಊರಿನ ಮಾತು ತೆಗೆದುಹಾಕುವ ಹಾಗಿಲ್ಲ. ತಾತ ಎರಡೂ ಕಡೆ ನೋಡಿ, ಶನಿವಾರ ಆಂಜನೇಯನ ಹತ್ತಿರ ಹೂ ಕೇಳಿಬಿಡೋಣ, ಅವನು ಹೇಳಿದ ಹಾಗೆ ಆಗಲಿ ಎಂದ. ಎಲ್ಲರಿಗೂ ಎದೆಯ ಭಾರ ಇಳಿದ ಹಾಗಾಯಿತು. ಉಸ್ತಾದರೂ ಒಪ್ಪಿ ಎದ್ದರು.

ಹೂ ಕೇಳುವುದೆಂದರೆ ನಮ್ಮ ಕಡೆ ಹೀಗೆ: ಒಂದು ಬಿಳಿ ಹೂ, ಒಂದು ಕೆಂಪು ಹೂ, ಬೇರೆ ಬೇರೆ ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿ ದೇವರ ಪಾದದ ಹತ್ತಿರ ಇಡುತ್ತಾರೆ. ಏನೂ ಅರಿಯದ ಒಂದು ಮಗುವಿನ ಕಣ್ಣಿಗೆ ಬಟ್ಟೆ ಕಟ್ಟಿ ಒಂದನ್ನು ತೆಗೆಸುತ್ತಾರೆ. ಬಿಳಿ ಬಂದರೆ ಕುಸ್ತಿ, ಕೆಂಪು ಬಂದರೆ ಲಂಗೋಟಿ ದೇವರಿಗೆ ಎಂದು ತೀರ್ಮಾನವಾಯಿತು. ಏನೂ ಅರಿಯದ ಮಗು ಎಂದು ನನ್ನನ್ನು ಆರಿಸಿದರು.

ಶನಿವಾರ ಬೆಳಗ್ಗೆ ಚಿಕ್ಕಮ್ಮ ನನಗೆ ತಲೆ ಬಾಚುತ್ತಾ ಕೂತಿದ್ದಳು. ಹೆಚ್ಚು ಮಾತಿನವಳಲ್ಲ. ಜಡೆ ಹೆಣೆದು ಮುಗಿಸಿ, ನನ್ನ ಕಿವಿಯ ಹತ್ತಿರ ಬಗ್ಗಿ, "ಕೆಂಪೇ ಬರ್ಲಿ ಅಂತ ಬೇಡ್ಕೊಳವ್ವ ನಂಜಿ. ಅವ್ರು ರಾತ್ರಿಯೆಲ್ಲ ಮಗ್ಗುಲು ಬದಲಾಯ್ಸಕ್ಕೂ ಆಗ್ದೆ ಒದ್ದಾಡ್ತಾರೆ" ಎಂದಳು. ಆಗಲಿ ಎಂದು ತಲೆಯಾಡಿಸಿದೆ.

ಬಿಳಿ ಹೂವಿಗೆ ಯಾವಾಗಲೂ ಪೂಜಾರಿ ತನ್ನ ಹಿತ್ತಲಿನ ನಂದಿಬಟ್ಟಲನ್ನೇ ತರುತ್ತಿದ್ದ. ಅದಕ್ಕೆ ಹಗಲಲ್ಲಿ ವಾಸನೆ ಕಡಿಮೆ. ಆವತ್ತು ಹಿಂದಿನ ಸಂಜೆ ಮೇಕೆ ನುಗ್ಗಿ ಗಿಡವನ್ನೆಲ್ಲ ಮೇದುಬಿಟ್ಟಿತ್ತಂತೆ. ಬಿಳಿ ಹೂ ಯಾರ ಹತ್ತಿರ ಇದೆ ಎಂದು ಅವನು ಕೇಳಿದ. ಚಿಕ್ಕಮ್ಮ ಹಿಂದೆ ಮುಂದೆ ಯೋಚಿಸದೆ ತನ್ನ ತುರುಬಿಗೆಂದು ಕಟ್ಟಿದ್ದ ಮಲ್ಲಿಗೆ ದಂಡೆಯಿಂದ ನಾಲ್ಕು ಹೂ ಬಿಡಿಸಿ ಕೊಟ್ಟಳು. ಉಳಿದ ದಂಡೆಯನ್ನೂ ಮುಡಿಯದೆ ದೇವರಿಗೇ ಕೊಟ್ಟಳು. ಕೆಂಪಿಗೆ ಗುಡಿಯ ಪಕ್ಕದ ದಾಸವಾಳ ಇತ್ತು. ಮಲ್ಲಿಗೆ ಮುಡಿದು ಬಿಟ್ಟ ಹೂವಲ್ಲ, ಮಡಿಯಲ್ಲಿ ಕಿತ್ತದ್ದು ತಾನೆ, ಅಷ್ಟನ್ನು ಮಾತ್ರ ಪೂಜಾರಿ ವಿಚಾರಿಸಿದ.

ಕಣ್ಣಿಗೆ ಬಟ್ಟೆ ಕಟ್ಟಿದರು. ಗುಡಿಯಲ್ಲಿ ಎಣ್ಣೆ ದೀಪದ, ತುಳಸಿಯ, ಬೆವರಿದ ಜನರ ವಾಸನೆ. ಮೊದಲು ಅಡ್ಡಬೀಳಮ್ಮ ಎಂದ ಪೂಜಾರಿ. ಅಡ್ಡಬಿದ್ದೆ. ಏಳುವಾಗ ಎಡಗಡೆಯ ಪೊಟ್ಟಣ ಮೂಗಿಗೆ ಒಂದು ಗೇಣು ದೂರದಲ್ಲಿತ್ತು. ಮಲ್ಲಿಗೆ. ಚಿಕ್ಕಮ್ಮನ ತಲೆಯ ವಾಸನೆ, ಜ್ವರ ಬಂದಾಗ ನಾನು ಮುಖ ಹುದುಗಿಸಿ ಮಲಗುತ್ತಿದ್ದ ವಾಸನೆ. ಅನುಮಾನ ಬೇಡವೆಂದು ಇನ್ನೊಮ್ಮೆ ಬಗ್ಗಿ ಮೂಸಿದೆ. ಬಲಗಡೆಯದಕ್ಕೆ ಬರೀ ಹಸಿ ಎಲೆಯ ವಾಸನೆ.

ಯಾವುದು ಯಾವುದು ಎಂದು ನನಗೆ ಗೊತ್ತಿತ್ತು. ಚಿಕ್ಕಮ್ಮ ಬೇಡಿಕೊಂಡದ್ದೂ ನೆನಪಿತ್ತು. ಆದರೆ ಮಣ್ಣಿನಲ್ಲಿ ಅಂಗಾತ ಬಿದ್ದ ಆ ಹುಡುಗರು ಕಣ್ಣ ಮುಂದೆ ಬಂದರು. ಚಿಕ್ಕಪ್ಪ ಗೆಲ್ಲುತ್ತಾನೆ, ಗೆದ್ದರೆ ಚಿಕ್ಕಮ್ಮನೂ ನಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಎಡಗಡೆಯದನ್ನು ಎತ್ತಿಕೊಟ್ಟೆ.

ಬಿಳಿ ಹೂ ಕಂಡದ್ದೇ ಗುಡಿಯ ಹೊರಗೆ ತಮಟೆಗೆ ಏಟು ಬಿತ್ತು. ಚಿಕ್ಕಪ್ಪ ನನ್ನನ್ನು ಎತ್ತಿ, ಪಕ್ಕೆ ನೋಯುತ್ತಿದ್ದರೂ, ಹೆಗಲ ಮೇಲೆ ಕೂರಿಸಿಕೊಂಡ. ಸೋತು ಬಂದ ಮೇಲೆ ಅವನು ಮೊದಲ ಸಲ ನಕ್ಕದ್ದು ಆಗ. ಉಸ್ತಾದರು ಆಂಜನೇಯನಿಗೆ ದೂರದಿಂದಲೇ ಕೈಮುಗಿದು, ಒಂದು ಲೋಟ ನೀರೂ ಕುಡಿಯದೆ ಹೊಸಕೋಟೆ ದಾರಿ ಹಿಡಿದರು.

ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಹೊಸಕೋಟೆಯಲ್ಲಿ ಚಿಕ್ಕಪ್ಪ ಬಹಳ ಹೊತ್ತು ನಿಂತನಂತೆ. ಜನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರಂತೆ. ಕೊನೆಗೆ ಆ ಹುಡುಗ ಎತ್ತಿ ಹಾಕಿದಾಗ ಬಲಭುಜ ಅಡಿಗೆ ಸಿಕ್ಕಿ ಬಿದ್ದ. ಮೂಳೆ ಕಟ್ಟುವವರು ಬಂದರು, ಎಣ್ಣೆ ನೀವುವವರು ಬಂದರು, ಬೆಂಗಳೂರಿನ ಆಸ್ಪತ್ರೆಗೂ ಹೋಗಿ ಬಂದದ್ದಾಯಿತು. ನರ ಸತ್ತಿದೆ ಎಂದರು. ಆ ಕೈ ಮತ್ತೆ ಮೇಲೆ ಏಳಲಿಲ್ಲ. ಎಡಗೈಯಲ್ಲಿ ಉಣ್ಣಲು ಅವನ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಮೂರು ಹೊತ್ತೂ ಚಿಕ್ಕಮ್ಮನೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅವನ ಬಾಯಿಗೆ ಇಡುತ್ತಿದ್ದಳು. ಒಂದೂವರೆ ಮುದ್ದೆಗೆ ಸಾಕು ಎನ್ನುತ್ತಿದ್ದ. ಹಾಲಿನ ಚೆಂಬುಗಳು ಒಂದೊಂದಾಗಿ ನಿಂತವು.

ಅವನು ಮಾತ್ರ ಒಂದು ದಿನವೂ ಗೋಳಾಡಲಿಲ್ಲ. ಯಾರಾದರೂ ಅಯ್ಯೋ ಎಂದರೆ, "ನಾನಾಗಿ ಓಗಿದ್ದಲ್ಲಪ್ಪ. ಆಂಜನೇಯ ಅಪ್ಪಣೆ ಕೊಟ್ಟ, ಓದೆ" ಎನ್ನುತ್ತಿದ್ದ. ಆ ಒಂದು ಮಾತಿನ ಮೇಲೆ ಅವನು ಇಪ್ಪತ್ತಾರು ವರ್ಷ ಬದುಕಿದ. ದೊಡ್ಡವಳಾದ ಮೇಲೆ ಹೇಳಿಬಿಡಬೇಕು ಎಂದು ಎಷ್ಟೋ ಸಲ ಅವನ ಪಕ್ಕದಲ್ಲಿ ಹೋಗಿ ಕೂತಿದ್ದೇನೆ. ಅಪ್ಪಣೆ ಕೊಟ್ಟವಳು ನಾನು ಎಂದು ಹೇಳಿದರೆ ಅವನಿಗೆ ಉಳಿಯುವುದೇನು? ಬೆಳೆ, ಮಳೆ ಅಂತ ಏನೋ ಮಾತಾಡಿ ಎದ್ದು ಬರುತ್ತಿದ್ದೆ.

ಅವನು ಹೋದದ್ದು ಅವರೆಕಾಯಿ ಕಾಲದಲ್ಲಿ. ತಿಥಿ ಮುಗಿದ ಮಾರನೆಯ ದಿನ ಚಿಕ್ಕಮ್ಮನೂ ನಾನೂ ಹಿತ್ತಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಹುಡುಗರು, ಪೊಟ್ಟಣ, ವಾಸನೆ, ಎಲ್ಲ. ಅವಳು ಕೈ ನಿಲ್ಲಿಸಲಿಲ್ಲ.

"ನಂಗೊತ್ತು ಕಣೆ" ಎಂದಳು. "ನೀನು ಎರಡನೇ ಸಲ ಬಗ್ಗಿ ಮೂಸಿದ್ದ ನಾನು ನೋಡ್ದೆ. ಇನ್ಯಾರೂ ನೋಡ್ಲಿಲ್ಲ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಾನ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವ್ರು ನಕ್ಬಿಟ್ರು. ಎಷ್ಟು ದಿನ ಆಗಿತ್ತು ಅವ್ರ ನಗು ನೋಡಿ. ಕೆಡಿಸಕ್ಕೆ ಮನಸ್ ಬರ್ಲಿಲ್ಲ."

ಈಗ ಗರಡಿಯಿದ್ದ ಜಾಗದಲ್ಲಿ ಯಾರದೋ ಗೊಬ್ಬರದ ಗೋಡೌನು. ಉಸ್ತಾದರ ಹೆಸರು ಹೇಳಿದರೆ ತಿಳಿಯುವವರು ಊರಿನಲ್ಲಿ ಒಬ್ಬರೂ ಉಳಿದಿಲ್ಲ. ಒಬ್ಬ ಮನುಷ್ಯನನ್ನು ತನ್ನವನೆಂದು ಇಡೀ ಊರು ಹಾಲೆರೆದು ಸಾಕುತ್ತಿದ್ದುದನ್ನು ಮೊಮ್ಮಕ್ಕಳಿಗೆ ಹೇಳಿದರೆ ಕಥೆ ಕಟ್ಟಬೇಡ ಅಜ್ಜಿ ಎನ್ನುತ್ತಾರೆ. ಅದೆಲ್ಲ ಹೋಯಿತು ಎಂದು ನನಗೂ ದುಃಖವಿದೆ. ಆದರೆ ಅವು ಕಾಲ ಕೊಂಡುಹೋದ ವಸ್ತುಗಳು, ಅವಕ್ಕೆ ನಾನು ಹೊಣೆಯಲ್ಲ. ಚಿಕ್ಕಪ್ಪನ ಬಲಗೈ ಹಾಗಲ್ಲ. ಅವತ್ತು ಬೆಳಗ್ಗೆ ಆ ಗುಡಿಯಲ್ಲಿ ನಿಜ ಗೊತ್ತಿದ್ದವರು ನಾವಿಬ್ಬರು, ಇಬ್ಬರೂ ಅವನನ್ನು ಪ್ರಾಣದಂತೆ ಪ್ರೀತಿಸುತ್ತಿದ್ದವರು, ಇಬ್ಬರೂ ಸುಮ್ಮನಿದ್ದುಬಿಟ್ಟೆವು.